ಅನ್ನನಾಳದ ಜೀವಕೋಶ ಬೆಳೆಸುವಾಗ ಕ್ಯಾಲ್ಸಿಯಂ ಮೇಲೊಂದು ಕಣ್ಣು

ಅನ್ನನಾಳದ ಒಳಪದರದ ಜೀವಕೋಶ ಬೆಳೆಸಬೇಕು ಅಂತ ಯಾರೇ ಬಂದು ಕೇಳಿದರೂ ನಾನು ಮೊದಲು ವಿಚಾರಿಸುವುದು ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಸುವ ಪೋಷಕ ದ್ರವದಲ್ಲಿ, ಕ್ಯಾಲ್ಸಿಯಂ ಎಷ್ಟಿದೆ ಎಂದು. ಉಳಿದದ್ದೆಲ್ಲ ಆಮೇಲೆ.

ನಮಗೆ ಅಂಗಾಂಶ ಸಿಗುವುದು ಆಪರೇಷನ್ ಥಿಯೇಟರಿನಿಂದ. ಕ್ಯಾನ್ಸರ್‌ಗಾಗಿ ಅನ್ನನಾಳ ತೆಗೆದಾಗ, ಗಡ್ಡೆಯಿಂದ ದೂರವಿರುವ ಆರೋಗ್ಯವಂತ ಭಾಗದ ಸಣ್ಣ ತುಣುಕೊಂದನ್ನು ಪೆಥಾಲಜಿಯವರು ನೋಡಿ ಕೊಡುತ್ತಾರೆ. ಅದಕ್ಕೂ ಮೊದಲು ಒಪ್ಪಿಗೆ ಪತ್ರ. ಕಾಗದ ಕನ್ನಡದಲ್ಲೇ ಇದ್ದರೂ ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. "ಇದರಿಂದ ನಮ್ಮಪ್ಪಂಗೆ ಏನಾದ್ರೂ ಅನುಕೂಲ ಆಗುತ್ತಾ ಮೇಡಂ?" ಎಂದು ಮಕ್ಕಳು ಕೇಳುತ್ತಾರೆ. "ಇಲ್ಲ, ಅವರಿಗೆ ಆಗಲ್ಲ. ಮುಂದೆ ಈ ಕಾಯಿಲೆ ಬರೋರಿಗೆ ಆಗಬಹುದು. ನೀವು ಬೇಡ ಅಂದ್ರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗಲ್ಲ" ಎನ್ನುತ್ತೇನೆ. ಇಷ್ಟನ್ನು ನೇರವಾಗಿ ಹೇಳದೆ ಸಹಿ ಪಡೆಯುವುದು ನನಗೆ ಒಪ್ಪಿಗೆಯಿಲ್ಲ.

ತುಣುಕು ಐಸ್ ಮೇಲೆ ಬರುತ್ತದೆ. ಬಾಯಿಂದ ಇಳಿಯುವುದೆಲ್ಲ ಹಾದುಹೋಗುವ ಜಾಗವಾದ್ದರಿಂದ ಬ್ಯಾಕ್ಟೀರಿಯಾ, ಕ್ಯಾಂಡಿಡಾ ಎಂಬ ಶಿಲೀಂಧ್ರ ಎರಡೂ ಜೊತೆಗೇ ಬಂದಿರುತ್ತವೆ. ಆಂಟಿಬಯೋಟಿಕ್ ಮತ್ತು ಶಿಲೀಂಧ್ರ ಕೊಲ್ಲುವ ಆಂಫೊಟೆರಿಸಿನ್ ಬೆರೆಸಿದ ದ್ರಾವಣದಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಪದರಗಳನ್ನು ಬಿಡಿಸುವ ಕಿಣ್ವ ಡಿಸ್ಪೇಸ್‌ನಲ್ಲಿ ಮುಳುಗಿಸಿ ರಾತ್ರಿಯಿಡೀ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡುತ್ತೇನೆ. ಬೆಳಿಗ್ಗೆ ಎರಡು ಫೋರ್ಸೆಪ್ಸ್ ಹಿಡಿದು ಅಂಚನ್ನು ಮೆಲ್ಲಗೆ ಎತ್ತಿದರೆ, ನೆನೆಸಿದ ಬಾದಾಮಿಯ ಸಿಪ್ಪೆ ಜಾರಿದ ಹಾಗೆ, ಬೆಳ್ಳಗಿನ ತೆಳು ಪೊರೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಕೆಳಗೆ ಉಳಿಯುವ ಗುಲಾಬಿ ಬಣ್ಣದ ಭಾಗದಲ್ಲಿ ಆಧಾರ ಅಂಗಾಂಶದ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳಿರುತ್ತವೆ, ಅದು ನಮಗೆ ಬೇಡ. ಪೊರೆ ಹರಿದು ಹರಿದು ಬಂದರೆ ಎಳೆದಾಡಬೇಡಿ, ಇನ್ನಷ್ಟು ಹೊತ್ತು ಡಿಸ್ಪೇಸ್‌ನಲ್ಲೇ ಇರಲಿ.

ಪೊರೆಯನ್ನು ಸಣ್ಣಗೆ ಕತ್ತರಿಸಿ 37 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಟ್ರಿಪ್ಸಿನ್, ಕೋಶಗಳನ್ನು ಒಂದೊಂದಾಗಿ ಬಿಡಿಸುವ ಕಿಣ್ವ. ಟ್ರಿಪ್ಸಿನ್ ನಿಲ್ಲಿಸಲು ಕೈ ತಾನಾಗಿ ಸೀರಮ್ (ರಕ್ತದ ತಿಳಿ) ಬಾಟಲಿಯತ್ತ ಹೋಗುತ್ತದೆ, ಬೇರೆ ಕೋಶಗಳಿಗೆಲ್ಲ ಅದೇ ರೂಢಿ. ಇಲ್ಲಿ ಬೇಡ. ಸೀರಮ್‌ನಲ್ಲಿ ಕ್ಯಾಲ್ಸಿಯಂ ಇದೆ, ಕೋಶಗಳನ್ನು ಬಲಿಯುವತ್ತ ತಳ್ಳುವ ಬೇರೆ ಅಂಶಗಳೂ ಇವೆ. ಸೋಯಾಬೀನ್ ಟ್ರಿಪ್ಸಿನ್ ಇನ್‌ಹಿಬಿಟರ್ ಬಳಸಿ.

ನಾನು ಬಳಸುವುದು ಚರ್ಮದ ಕೋಶಗಳಿಗೆಂದು ತಯಾರಾದ, ಸೀರಮ್ ಇಲ್ಲದ ಕೆರಟಿನೋಸೈಟ್ ಮೀಡಿಯಾ. ಕ್ಯಾಲ್ಸಿಯಂ 0.09 ಮಿಲಿಮೋಲಾರ್. ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಪಿಟ್ಯುಟರಿ ಎಕ್ಸ್‌ಟ್ರಾಕ್ಟ್, 1 ನ್ಯಾನೋಗ್ರಾಂ ಇಜಿಎಫ್, ಎರಡೂ ಕೋಶದ ಬೆಳವಣಿಗೆಗೆ. ಅನ್ನನಾಳದ ಒಳಪದರದಲ್ಲಿ ವಿಭಜನೆಯಾಗುವುದು ಮುಖ್ಯವಾಗಿ ತಳದ ಸಾಲಿನ ಕೋಶಗಳು. ಮೇಲಕ್ಕೆ ಸರಿದಂತೆ ಅವು ಬಲಿತು, ಚಪ್ಪಟೆಯಾಗಿ, ಉದುರುತ್ತವೆ. ಕಡಿಮೆ ಕ್ಯಾಲ್ಸಿಯಂ ಅವನ್ನು ತಳದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಮೈಕ್ರೋಸ್ಕೋಪಿನಲ್ಲಿ ಸಣ್ಣ, ಬಹುಭುಜದ, ಮಿನುಗುವ ಕೋಶಗಳು ಗುಂಪುಗುಂಪಾಗಿ ಕಂಡರೆ ಕೆಲಸ ಸರಿಹೋಗುತ್ತಿದೆ. ನಡುವೆ ಅಗಲವಾಗಿ ಹರಡಿದ ದೊಡ್ಡ ಕೋಶಗಳು ಹೆಚ್ಚಿದರೆ ಅವು ಬಲಿಯತೊಡಗಿವೆ ಎಂದರ್ಥ. ತಟ್ಟೆ ಪೂರ್ತಿ ತುಂಬುವವರೆಗೆ ಕಾಯಬೇಡಿ. ಶೇಕಡಾ 70ರ ಹೊತ್ತಿಗೇ ಪ್ಯಾಸೇಜ್ ಮಾಡಿ, ಅಂದರೆ ಬಿಡಿಸಿ ಹೊಸ ತಟ್ಟೆಗಳಿಗೆ ಹಂಚಿ.

ಪದರಗಳು ಬೇಕೆಂದಾಗ ಇದೇ ಸೂತ್ರವನ್ನು ತಿರುಗಿಸಬೇಕು. ಟ್ರಾನ್ಸ್‌ವೆಲ್ ಎಂಬ ರಂಧ್ರಪೊರೆಯ ಬಟ್ಟಲಿನ ಮೇಲೆ ಕೋಶಗಳು ಒತ್ತೊತ್ತಾಗಿ ಕೂತ ಮೇಲೆ ಕ್ಯಾಲ್ಸಿಯಂ 1.8 ಮಿಲಿಮೋಲಾರ್‌ಗೆ ಏರಿಸಿ, ಮೇಲಿನ ಮೀಡಿಯಾ ತೆಗೆದು ಗಾಳಿಗೆ ಒಡ್ಡುತ್ತೇನೆ. ದಿನ ಕಳೆದಂತೆ ಪದರ ಮೇಲೆ ಪದರ ಏಳುತ್ತದೆ. ಅಡ್ಡಸೀಳಿಕೆಯಲ್ಲಿ ತಳದಲ್ಲಿ ಕೆರಟಿನ್ 14, ಮೇಲೆ ಕೆರಟಿನ್ 13 ಎಂಬ ಪ್ರೋಟೀನುಗಳು ಬೇರೆ ಬೇರೆಯಾಗಿ ಬಣ್ಣ ತಾಳಿದ್ದನ್ನು ಮೊದಲ ಸಲ ನೋಡಿದಾಗ ಆದ ಸಂತೋಷ ದೊಡ್ಡದು. ಆಮ್ಲ, ಪಿತ್ತದ ಉಪ್ಪು ಹಾಕಿ ಪದರದ ವಿದ್ಯುತ್ ರೋಧ ಎಷ್ಟು ಕುಸಿಯಿತು, ಅಂದರೆ ಪದರ ಎಷ್ಟು ಸೋರುವಂತಾಯಿತು, ಎಂದು ಅಳೆಯುವ ನಮ್ಮ ಪ್ರಯೋಗ ಶುರುವಾಗುವುದೇ ಇಲ್ಲಿಂದ.

ಇಷ್ಟೆಲ್ಲ ಯಾಕೆ, ಹೆಟ್-1ಎ ಎಂಬ ಸಿದ್ಧ ಅನ್ನನಾಳದ ಕೋಶ ತರಿಸಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಅದು ಎಸ್‌ವಿ40 ವೈರಸ್ಸಿನ ಟಿ ಆಂಟಿಜನ್‌ನಿಂದ ಅಮರವಾದ, ಅಂದರೆ ಕೊನೆಯಿಲ್ಲದೆ ವಿಭಜನೆಯಾಗುವ, ಕೋಶ. ಪಿ53, ಆರ್‌ಬಿ ಎಂಬ ಕ್ಯಾನ್ಸರ್ ತಡೆಯುವ ಪ್ರೋಟೀನುಗಳೆರಡನ್ನೂ ಆ ಟಿ ಆಂಟಿಜನ್ ಕಟ್ಟಿಹಾಕಿರುತ್ತದೆ. ಕ್ಯಾನ್ಸರ್‌ನ ಆರಂಭ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ. ಕ್ರೋಮೋಸೋಮಿನ ತುದಿ ಕಾಯುವ ಕಿಣ್ವ ಟೆಲೊಮರೇಸ್‌ನಿಂದ ಅಮರವಾಗಿಸಿದ ಅನ್ನನಾಳದ ಕೋಶ ಇಪಿಸಿ2-ಎಚ್‌ಟರ್ಟ್ ನನ್ನ ಮಟ್ಟಿಗೆ ಎಷ್ಟೋ ಮೇಲು.

ಕೋಶ ಎಲ್ಲಿಂದಲೇ ಬರಲಿ, ಎಸ್‌ಟಿಆರ್ ಪರೀಕ್ಷೆ (ಡಿಎನ್ಎ ಗುರುತು ಹೋಲಿಸುವುದು) ಮಾಡಿಸಿ. ಅನ್ನನಾಳದ ಕ್ಯಾನ್ಸರ್ ಕೋಶವೆಂದೇ ವರ್ಷಗಟ್ಟಲೆ ಬಳಕೆಯಲ್ಲಿದ್ದ ಎಸ್‌ಇಜಿ-1 ಶ್ವಾಸಕೋಶದ ಕ್ಯಾನ್ಸರಿನದು, ಬಿಐಸಿ-1 ದೊಡ್ಡ ಕರುಳಿನದು ಎಂದು 2010ರಲ್ಲಿ ಬಯಲಾಯಿತು. ಅಂಗಾಂಶದಿಂದ ನೇರವಾಗಿ ತೆಗೆದ ಪ್ರೈಮರಿ ಕೋಶಗಳಿಗೆ ಆಯಸ್ಸು ಕೆಲವೇ ಪ್ಯಾಸೇಜ್. ಹಾಗಾಗಿ ಮೊದಲ ಪ್ಯಾಸೇಜಿನಲ್ಲೇ ಆದಷ್ಟು ವಯಲ್ ತುಂಬಿ, ಹೆಸರಿನ ಬದಲು ದಾನಿಯ ಕೋಡ್ ಬರೆದು, ದ್ರವ ಸಾರಜನಕದಲ್ಲಿ ಇಡುತ್ತೇನೆ.