ನೆಟ್ಟಗೆ ನಿಂತ ಸೈನಿಕನನ್ನು ಮುಂದಕ್ಕೆ ನುಗ್ಗಿಸಿದ್ದು

ಮೇಜಿನ ಮೇಲೆ ಆಡುವ ಯುದ್ಧದಾಟದ ಡಬ್ಬಿಯಲ್ಲಿ ಇಪ್ಪತ್ತು ಈಟಿ ಸೈನಿಕರಿದ್ದರು. ಇಪ್ಪತ್ತೂ ಒಂದೇ ಥರ. ಎರಡೂ ಕಾಲು ನೆಲಕ್ಕೂರಿ, ಎದೆ ಸೆಟೆಸಿ, ಈಟಿಯನ್ನು ಕಂಬದ ಹಾಗೆ ಹಿಡಿದು ನಿಂತವರು. ಹಿಂದಿನ ಸಾಲಿಗೆ ಅದು ಚೆನ್ನಾಗಿಯೇ ಇದೆ. ಆದರೆ ಮುಂದಿನ ಸಾಲಿನಲ್ಲಿ ಒಬ್ಬನಾದರೂ ಎದುರಾಳಿಯ ಮೇಲೆ ಬೀಳುತ್ತಿರಬೇಕು ಅಂತ ನನಗೆ ಆಸೆ. 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಮಿನಿಯೇಚರ್, ಅಂದರೆ ಪುಟ್ಟ ಬೊಂಬೆ. ಮೈ, ಕಾಲು ಒಂದೇ ತುಂಡು, ಕೈ ಮತ್ತು ತಲೆ ಮಾತ್ರ ಬೇರೆ. ಅಂಥ ಒಬ್ಬನನ್ನು ಕೊಯ್ದು, ತಿರುಗಿಸಿ, ಮತ್ತೆ ಜೋಡಿಸಿದೆ.

ಮೊದಲ ಸಲ ಹಾಳು ಮಾಡಿದೆ. ಕೈ ಹೇಗೂ ಬೇರೆ ಇದ್ದವಲ್ಲ, ಅವನ್ನೇ ಮುಂದಕ್ಕೆ ಚಾಚಿ ಅಂಟಿಸಿದರೆ ಆಯ್ತು ಅಂದುಕೊಂಡೆ. ಅಂಟಿಸಿ ನೋಡಿದರೆ ದೋಟಿ ಹಿಡಿದು ಏನನ್ನೋ ಕೀಳುವವನ ಹಾಗೆ ಕಂಡ. ಕೈ ಯುದ್ಧಕ್ಕೆ ಹೊರಟಿದೆ, ಕಾಲು ಇನ್ನೂ ಕಾವಲು ಕಾಯುತ್ತಿದೆ.

ಆಮೇಲೆ ಒಂದು ಉದ್ದ ಕೋಲು ಹಿಡಿದು ನಾನೇ ಕನ್ನಡಿ ಮುಂದೆ ನಿಂತೆ. ತಿವಿಯುವ ಹಾಗೆ ನುಗ್ಗಿ, ಅಲ್ಲೇ ತಡೆದು ನಿಂತು, ಪಕ್ಕದಿಂದ ಫೋಟೋ ತೆಗೆಸಿಕೊಂಡೆ. ನಗಬೇಡಿ, ಇಡೀ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಎಡಗಾಲು ಮುಂದೆ, ಮಂಡಿ ಮಡಚಿದೆ. ಹಿಂದಿನ ಕಾಲು ನೆಟ್ಟಗೆ, ಹಿಮ್ಮಡಿ ಎದ್ದಿದೆ. ಹಿಂದಿನ ಕೈ ಕೋಲನ್ನು ತಳ್ಳುವಾಗ ಬಲ ಭುಜ ತಾನಾಗಿಯೇ ಮುಂದೆ ಬರುತ್ತದೆ, ಸೊಂಟವೂ ತಿರುಗುತ್ತದೆ. ಫೋಟೋ ಮೇಲೆ ಹಿಂದಿನ ಹಿಮ್ಮಡಿಯಿಂದ ತಲೆಯವರೆಗೆ ಒಂದು ಗೆರೆ ಎಳೆದೆ. ಸ್ವಲ್ಪ ಬಾಗಿದ ಒಂದೇ ಓರೆ ಗೆರೆ ಬಂತು. ಡಬ್ಬಿಯವನ ಮೇಲೆ ಅದೇ ಗೆರೆ ಎಳೆದರೆ ನೆಟ್ಟ ಕಂಬ. ಕೈ ಬದಲಿಸಿ ಏನೂ ಆಗದೆ ಇದ್ದದ್ದು ಇದಕ್ಕೇ. ನುಗ್ಗುವ ರಭಸ ಇರೋದು ಸೊಂಟದಲ್ಲಿ.

ಹಾಗಾಗಿ ಎರಡನೇ ಬೊಂಬೆಯಲ್ಲಿ ಸೊಂಟದಿಂದಲೇ ಶುರು ಮಾಡಿದೆ. ಬೆಲ್ಟಿನ ಕೆಳ ಅಂಚಿನಲ್ಲಿ ಪೆನ್ಸಿಲ್ ಗೆರೆ ಹಾಕಿ, ತೆಳ್ಳನೆಯ ರೇಜರ್ ಗರಗಸದಿಂದ ಪೂರ್ತಿ ಎರಡು ಮಾಡಿದೆ. ಬೆಲ್ಟು, ಅಂಗಿಯ ಅಂಚು, ಚೀಲದ ಪಟ್ಟಿ, ಇಂಥ ಕಡೆ ಕೊಯ್ದರೆ ಗಾಯ ಮುಚ್ಚುವುದು ಸುಲಭ. ಗರಗಸ ತೆಳ್ಳಗಿರಲಿ ಅನ್ನುವುದಕ್ಕೆ ಕಾರಣವಿದೆ. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ನಿಜವಾದ ಮನುಷ್ಯನ ಮೈಯಲ್ಲಿ ಸುಮಾರು 6 ಸೆಂ.ಮೀ. ದಪ್ಪ ಗರಗಸ ಅರ್ಧ ಮಿ.ಮೀ. ತಿಂದರೂ ಅವನು 3 ಸೆಂ.ಮೀ. ಗಿಡ್ಡ ಆದ ಹಾಗೆಯೇ.

ಹೊಟ್ಟೆಯ ಕಡೆ ಬೆಣೆಯಾಕಾರದ ಸಣ್ಣ ಚೂರು ಕೆರೆದು ತೆಗೆದೆ, ಮೈ ಮುಂದಕ್ಕೆ ಬಾಗಲಿ ಅಂತ. ಮೇಲಿನ ಅರ್ಧವನ್ನು ಬಲ ಭುಜ ಮುಂದೆ ಬರುವ ಹಾಗೆ ಸುಮಾರು 25 ಡಿಗ್ರಿ ತಿರುಗಿಸಿದೆ. ಅಂಟು ಮುಟ್ಟಲಿಲ್ಲ, ನಡುವೆ ಚಿಟಿಕೆ ಬ್ಲೂ ಟ್ಯಾಕ್ (ಬೇಕಾದಾಗ ಕೀಳಬಹುದಾದ ಮೆತ್ತನೆಯ ಅಂಟುಮುದ್ದೆ) ಇಟ್ಟು ನಿಲ್ಲಿಸಿದೆ ಅಷ್ಟೇ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿದಾಗ ಬಾಗಿದ್ದು ಸಾಲದು ಅನ್ನಿಸಿತು. ನನಗೆ ಪ್ರತಿ ಸಲವೂ ಹೀಗೇ ಆಗುತ್ತದೆ. ಕೈಯಲ್ಲಿ ಹಿಡಿದಾಗ ಅತಿಯಾಯ್ತು ಅನ್ನಿಸುವ ಬಾಗು, ಮೇಜಿನ ಆಚೆಯಿಂದ ನೋಡಿದರೆ ಸಪ್ಪೆ.

ಮುಂದಿನ ಕಾಲನ್ನು ಅಂಗಿಯ ಅಂಚಿನ ಕೆಳಗೆ ತೊಡೆಯಲ್ಲೇ ಕೊಯ್ದು ಮುಂದಕ್ಕೆ ತಂದೆ. ಮಂಡಿಗೆ ಮಾತ್ರ ಬೇರೆ ಉಪಾಯ. ಪೂರ್ತಿ ಕೊಯ್ಯಬಾರದು. ಹಿಂಬದಿಯಿಂದ ಮೂರು ಮೂಲೆಯ ಕಚ್ಚು ಹಾಕಿ, ಮುಂದೆ ತೆಳು ಪೊರೆಯಷ್ಟು ಪ್ಲಾಸ್ಟಿಕ್ ಉಳಿಸಿ, ಅದನ್ನೇ ಕೀಲಿನ ಹಾಗೆ ಬಾಗಿಸಬೇಕು. ಕಚ್ಚಿನೊಳಗೆ ಪ್ಲಾಸ್ಟಿಕ್ ಸಿಮೆಂಟ್ ಅನ್ನುವ ತೆಳು ಅಂಟು ಸವರಿ ಅರ್ಧ ನಿಮಿಷ ಕಾದರೆ ಆ ಪೊರೆ ಮೆತ್ತಗಾಗುತ್ತದೆ. ನಾನು ಕಾಯಲಿಲ್ಲ. ಟಕ್ ಅಂತು. ಮುರಿದ ತುದಿಗಳನ್ನು ಸಾಪು ಮಾಡುವಷ್ಟರಲ್ಲಿ ಕಾಲು ಇನ್ನಷ್ಟು ಗಿಡ್ಡ. ಕೊನೆಗೆ ಆ ಪಾದದ ಕೆಳಗೆ ಒಂದು ಸಣ್ಣ ಬಂಡೆ ಇಟ್ಟೆ. ನೋಡಿದವರು ಬೇಕಂತಲೇ ಇಟ್ಟದ್ದು ಅಂದುಕೊಳ್ಳುತ್ತಾರೆ, ನಾನೂ ಇಲ್ಲ ಅನ್ನುವುದಿಲ್ಲ. ಹಿಂದಿನ ಪಾದಕ್ಕೆ ಬೆರಳುಗಳ ಹಿಂದೆ ಮೇಲಿನಿಂದ ಇನ್ನೊಂದು ಕಚ್ಚು ಹಾಕಿದೆ. ಹಿಮ್ಮಡಿ ಎದ್ದಿತು, ಬೆರಳು ನೆಲದಲ್ಲೇ ಉಳಿಯಿತು.

ಪ್ಲಾಸ್ಟಿಕ್ ಸಿಮೆಂಟ್ ಬರೀ ಅಂಟಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಆದರೆ ಅದಕ್ಕೆ ಎರಡೂ ಮುಖ ಚೆನ್ನಾಗಿ ಕೂಡಬೇಕು. ಇಲ್ಲಿ ತೊಡೆಯಲ್ಲೂ ಮಂಡಿಯಲ್ಲೂ ಸಂದು ಜಾಸ್ತಿ, ತಾಗುವ ಜಾಗ ಕಡಿಮೆ. ಹಾಗಾಗಿ ಎರಡೂ ಕಡೆ ತಂತಿಯ ಪಿನ್ ಹಾಕಿದೆ. ಪಿನ್ ವೈಸ್ (ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್) ಹಿಡಿದು ಕೈಯಲ್ಲೇ ನಿಧಾನವಾಗಿ ತೂತು ಕೊರೆಯಬೇಕು. ಮೋಟಾರ್ ಡ್ರಿಲ್ ಹಾಕಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ತೂತು ಅಗಲವಾಗುತ್ತದೆ. ಎರಡು ತೂತು ಎದುರುಬದುರು ಕೂರುವುದಕ್ಕೆ, ಒಂದು ಮುಖದ ಮೇಲೆ ಚುಕ್ಕೆ ಬಣ್ಣ ಇಟ್ಟು ಇನ್ನೊಂದನ್ನು ಒತ್ತಿದೆ. ಗುರುತು ಅದರ ಮೇಲೆ ಮೂಡುತ್ತದೆ. ತಂತಿ ನಿಲ್ಲಲು ಸೂಪರ್ ಗ್ಲೂ. ಲೋಹಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯುವುದಿಲ್ಲ.

ಇನ್ನು ಈಟಿ. ಇಷ್ಟು ಕಷ್ಟ ಅಂತ ನಾನು ಎಣಿಸಿರಲಿಲ್ಲ. ಎರಡು ಮುಷ್ಟಿ, ಒಂದು ನೇರ ಕೋಲು. ತೋಳುಗಳನ್ನು ಮೊದಲು ಅಂಟಿಸಿದರೆ ಮುಷ್ಟಿಗಳು ಒಂದೇ ಗೆರೆಗೆ ಬರುವುದೇ ಇಲ್ಲ, ಕೋಲು ಡೊಂಕಾಗುತ್ತದೆ. ಅದಕ್ಕೇ ಉಲ್ಟಾ ಮಾಡಿದೆ. ಪ್ಲಾಸ್ಟಿಕ್ ಕೋಲನ್ನು ಕತ್ತರಿಸಿ ಎಸೆದು, ಮುಷ್ಟಿಗಳಲ್ಲಿ ಮೊದಲು 0.5 ಮಿ.ಮೀ. ತೂತು ಕೊರೆದು ಆಮೇಲೆ 1 ಮಿ.ಮೀ.ಗೆ ಅಗಲ ಮಾಡಿದೆ. ಒಂದೇ ಸಲಕ್ಕೆ ದೊಡ್ಡ ಬಿಟ್ ಹಾಕಿದರೆ ಬೆರಳುಗಳೇ ಕಿತ್ತು ಬರುತ್ತವೆ. ಆಮೇಲೆ 1 ಮಿ.ಮೀ. ಹಿತ್ತಾಳೆ ಕಡ್ಡಿಯನ್ನು ಎರಡೂ ಮುಷ್ಟಿಯಲ್ಲಿ ಪೋಣಿಸಿದೆ. ಈಟಿ ಎತ್ತ ಹೋಗಬೇಕೋ ಅತ್ತ ಕಡ್ಡಿಯನ್ನು ಹಿಡಿದು, ತೋಳುಗಳನ್ನು ಅದರ ಮೇಲೆ ಹಿಂದೆ ಮುಂದೆ ಸರಿಸಿ, ಭುಜಕ್ಕೆ ಕೂಡುವ ಜಾಗ ಹುಡುಕಿದೆ. ಬಲ ತೋಳು ಕೂರಲು ಮೊಣಕೈಯಲ್ಲಿ ಇನ್ನೊಂದು ಕಚ್ಚು ಬೇಕಾಯಿತು. ಕಡ್ಡಿಯ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಬಡಿದು ಅರದಿಂದ ಉಜ್ಜಿದರೆ ಅದೇ ಈಟಿಯ ಮೊನೆ. ಆಡುವಾಗ ಕೈ ತಾಗಿದರೂ ಮುರಿಯುವುದಿಲ್ಲ, ಬೆರಳಿಗೆ ಚುಚ್ಚುತ್ತದೆ ಅಷ್ಟೇ.

ತಲೆ ಕೊನೆಗೆ. ಕುತ್ತಿಗೆಯ ಬುಡ ಸ್ವಲ್ಪ ಕೆರೆದು, ಕಣ್ಣು ಈಟಿಯ ಮೊನೆಯ ಕಡೆ ನೋಡುವ ಹಾಗೆ ಕೂರಿಸಿದೆ.

ಸಂದು ತುಂಬಲು ಗ್ರೀನ್ ಸ್ಟಫ್, ಅಂದರೆ ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ಮುದ್ದೆ. ಹಳದಿ, ನೀಲಿ ಎರಡು ಪಟ್ಟಿ ಒಟ್ಟಿಗೆ ಬರುತ್ತವೆ. ಎರಡೂ ತಾಗಿಕೊಂಡಿರುವ ನಡುವಿನ ಗೆರೆಯಲ್ಲಿ ಅದು ಆಗಲೇ ಗಟ್ಟಿಯಾಗಿರುತ್ತದೆ, ಅಷ್ಟು ಕತ್ತರಿಸಿ ಎಸೆಯಿರಿ. ಇಲ್ಲದಿದ್ದರೆ ಮರಳಿನ ಹಾಗೆ ಗಂಟುಗಳು. ಕೈಗವಸು ಹಾಕಿ, ಸಮಸಮ ತೆಗೆದು, ಗೆರೆ ಕಾಣದ ಹಸಿರಾಗುವ ತನಕ ನಾದಬೇಕು. ಹಳದಿ ಜಾಸ್ತಿಯಾದರೆ ಮೆದು, ನೀಲಿ ಜಾಸ್ತಿಯಾದರೆ ಗಟ್ಟಿ. ಉಪಕರಣವನ್ನು ಆಗಾಗ ನೀರಿಗೆ ಅದ್ದುತ್ತಿರಬೇಕು, ಇಲ್ಲದಿದ್ದರೆ ಎಲ್ಲ ಅದಕ್ಕೇ ಅಂಟಿಕೊಂಡು ಬರುತ್ತದೆ. ನಾದಿದ ಮೇಲೆ ಅರ್ಧ ಗಂಟೆ ಬಿಟ್ಟು ಮಡಿಕೆ ತಿದ್ದಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ರಾತ್ರಿ.

ಸಂದು ಮುಚ್ಚಿದ ಮೇಲೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಎರಡು ದಿನ ಬೇಕಾಯಿತು ಗೊತ್ತಾಗಲು. ಬಟ್ಟೆ! ಮೈ ತಿರುಗಿದೆ, ಅಂಗಿಯ ಮಡಿಕೆ ಮಾತ್ರ ಹಳೆಯ ಹಾಗೇ ನೇರ ಕೆಳಗೆ ಇಳಿದಿದೆ. ತಿರುಚಿದ ಸೊಂಟದಲ್ಲಿ ಮಡಿಕೆ ಓರೆಯಾಗಿ ಸುತ್ತಬೇಕು, ಅಲ್ವಾ? ಮಡಚಿದ ಮಂಡಿಯ ಮುಂದೆ ಬಟ್ಟೆ ಬಿಗಿಯಾಗಿರಬೇಕು, ಹಿಂದೆ ಮುದುಡಬೇಕು. ಹಳೆಯ ಮಡಿಕೆಗಳನ್ನು ಚಾಕುವಿನಿಂದ ಕೆರೆದು ಹಾಕಿ, ತೆಳು ಹಸಿರು ಎಳೆಗಳನ್ನಿಟ್ಟು ಬಲ ಸೊಂಟದಿಂದ ಎಡ ಭುಜದ ಕಡೆಗೆ ಎಳೆದೆ. ಅಂಗಿಯ ಅಂಚನ್ನೂ ಹಿಂದಕ್ಕೆ ಹಾರಿಸಿದೆ. ಅದರ ಮುಂಚೆ ಅವನು ಬಾಗಿ ನಿಂತಿದ್ದ, ಆಮೇಲೆ ನುಗ್ಗಿದ.

ಬೂದು ಪ್ರೈಮರ್ ಹೊಡೆದ ಕೂಡಲೇ ಮಂಡಿಯ ಹಿಂದೆ ಕೂದಲೆಳೆಯಂಥ ಬಿರುಕು ಕಂಡಿತು. ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಚೂರುಗಳನ್ನು ಪ್ಲಾಸ್ಟಿಕ್ ಸಿಮೆಂಟಿನಲ್ಲಿ ಕರಗಿಸಿಟ್ಟ ಗೊಜ್ಜನ್ನು ಅಲ್ಲಿ ಸವರಿ, ಒಣಗಿದ ಮೇಲೆ 600ರ ಮರಳು ಕಾಗದದಲ್ಲಿ ಉಜ್ಜಿದೆ. ಅದು ಒಣಗುವಾಗ ಕುಗ್ಗುತ್ತದೆ, ಎರಡು ಸಲ ಸವರಬೇಕಾಯಿತು. ಬೊಂಬೆ ನಿಲ್ಲುವ ತಳಕ್ಕೆ, ಅಂದರೆ ಬೇಸ್‌ಗೆ, ಹಿಡಿದಿರುವುದು ಒಂದು ಪಾದ ಮತ್ತು ಇನ್ನೊಂದರ ಬೆರಳ ತುದಿ ಮಾತ್ರ. ಹಾಗಾಗಿ ಮುಂದಿನ ಪಾದದ ತಂತಿಯನ್ನು ಬಂಡೆಯ ಮೂಲಕ ಬೇಸಿನ ಕೆಳಗಿನವರೆಗೂ ಇಳಿಸಿದ್ದೇನೆ.

ಒಂದು ವಿಷಯ ಮಾತ್ರ ಯೋಚಿಸಿರಲಿಲ್ಲ. ಈಟಿಯ ಮೊನೆ ಈಗ ಬೇಸಿನಿಂದ ಎರಡು ಸೆಂ.ಮೀ. ಮುಂದೆ ಚಾಚಿದೆ. ಎದುರು ಪಡೆಯನ್ನು ತಾಗಿಸಿ ನಿಲ್ಲಿಸಲು ಹೋದರೆ ಅವರ ಮುಂದಿನ ಸಾಲಿನವನ ಗುರಾಣಿಗೆ ಹೋಗಿ ಒರಗುತ್ತದೆ. ಸದ್ಯಕ್ಕೆ ಅವನನ್ನು ಸಾಲಿನ ಎಡ ಮೂಲೆಗೆ ಸರಿಸಿದ್ದೇನೆ. ಅಲ್ಲಿ ಈಟಿಗೆ ಸ್ವಲ್ಪ ಜಾಗ ಇದೆ.