ಮೆಟ್ಟುಗತ್ತಿಯಿಂದ ಹೆರೆಮಣೆವರೆಗೆ: ಮನೆ ಸಾಣೆಗೆ ಪುಟ್ಟ ರೋಟರಿ ಟೂಲ್

ಅಡಿಕೆ ಕೊಯ್ಲು ಶುರುವಾದರೆ ಸಾಕು, ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನ ಮುಂದೆ ಅಡಿಕೆ ಸುಲಿಯುವ, ಮಣೆಗೆ ಕೂರಿಸಿದ ಮೆಟ್ಟುಗತ್ತಿಗಳು ಸಾಲಾಗಿ ಬಂದು ಕೂರುತ್ತವೆ. ಅಕ್ಕಪಕ್ಕದ ಮನೆಯವರದ್ದೂ ಸೇರಿ ದಿನಕ್ಕೆ ಎಂಟು-ಹತ್ತು. ಜೊತೆಗೆ ಯಾರದ್ದೋ ಮರ ಕೊಯ್ಯುವ ಚೈನು, ಯಾರದ್ದೋ ಹಲ್ಲು ಮೊಂಡಾದ ಹೆರೆಮಣೆ, ಅಂದರೆ ಕಾಯಿ ತುರಿಯುವ ಮಣೆ. ನಾನು ಬೆಂಗಳೂರು ಪೀಣ್ಯದ ಒಂದು ಟೂಲ್ ರೂಮಿನಲ್ಲಿ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ ಜಾಗ) 11 ವರ್ಷ ಕೆಲಸ ಮಾಡಿ, ಆಮೇಲೆ ತೀರ್ಥಹಳ್ಳಿ ಕಡೆಯ ಈ ತೋಟದ ಮನೆಗೆ ಬಂದವಳು. ಇಲ್ಲಿ ನನ್ನ ಸಾಣೆ ಕೆಲಸ ಜಾಸ್ತಿ ನಡೆಯುವುದು ತುದಿಗೆ ಸಣ್ಣ ಕಲ್ಲು ಸಿಕ್ಕಿಸಿ ತಿರುಗಿಸುವ, ಒಂದೇ ಕೈಯಲ್ಲಿ ಹಿಡಿಯುವ ಪುಟ್ಟ ರೋಟರಿ ಟೂಲಿನಲ್ಲಿ. "ಯಾವುದು ತಗೊಳ್ಳಲಿ ಅಕ್ಕಾ?" ಅಂತ ಕೇಳುವವರು ಹೆಚ್ಚಾಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ಯಂತ್ರಕ್ಕೆ ವೇಗ ಇದೆ, ಬಲ ಇಲ್ಲ. ನಮ್ಮ ಅಡುಗೆಮನೆ ಮಿಕ್ಸಿ 500ರಿಂದ 750 ವ್ಯಾಟ್ ಇರುತ್ತದೆ. ರೋಟರಿ ಟೂಲ್ 130ರಿಂದ 175 ವ್ಯಾಟ್, ಅಷ್ಟೇ. ಆದರೆ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ. ಒತ್ತಿ ಹಿಡಿದರೆ ಸುತ್ತು ಇಳಿಯುತ್ತದೆ, ಮೋಟಾರ್ ಕಾಯುತ್ತದೆ, ಕಲ್ಲು ಸವೆಯುತ್ತದೆ, ಕತ್ತಿಯ ಅಲಗು ಸುಡುತ್ತದೆ. ಪೆನ್ನು ಹಿಡಿದ ಹಾಗೆ ಹಗುರವಾಗಿ ಹಿಡಿದು ಮುಟ್ಟಿಸಿ ತೆಗೆಯಬೇಕು. ನಿಮಗೆ ಒತ್ತಲೇಬೇಕು ಅನ್ನಿಸಿದರೆ, ಆ ಕೆಲಸಕ್ಕೆ ಈ ಯಂತ್ರ ಸರಿಯಲ್ಲ ಅಂತ ಅರ್ಥ.

ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಕೆಲಸ ಯಾವುದು ನೋಡಿಕೊಳ್ಳಿ. ಕೊಡಲಿ, ಗುದ್ದಲಿ, ಪಿಕಾಸಿಗೆ 6 ಇಂಚಿನ ಬೆಂಚ್ ಗ್ರೈಂಡರ್ ಬೇಕು. ಅದು ನಿಮಿಷಕ್ಕೆ 2,800 ಸುತ್ತಿನ ಆಸುಪಾಸು ನಿಧಾನಕ್ಕೆ ತಿರುಗುತ್ತದೆ. ಕಬ್ಬಿಣದ ರಾಡು ಕತ್ತರಿಸುವುದಕ್ಕೆ 4 ಇಂಚಿನ ಆ್ಯಂಗಲ್ ಗ್ರೈಂಡರ್. ವೆಲ್ಡಿಂಗ್ ಗಂಟು ದಿನವಿಡೀ ಉಜ್ಜುವವರಿಗೆ 6 ಎಂಎಂ ಶ್ಯಾಂಕ್ (ಯಂತ್ರದ ತುದಿಗೆ ಸಿಕ್ಕಿಸುವ ಬಿಟ್ಟಿನ ಕಾಲು) ಹಿಡಿಯುವ ಡೈ ಗ್ರೈಂಡರ್. ಅಲಗಿನ ಮುಕ್ಕು ತೆಗೆಯುವುದು, ಹಲ್ಲಿನ ಸಂದಿ ಉಜ್ಜುವುದು, ತುಕ್ಕು ಹಿಡಿದ ಬೋಲ್ಟ್ ತಲೆಗೆ ಗೀರು ಹಾಕುವುದು, ಇಂಥ ಸಣ್ಣ ಕೆಲಸಕ್ಕೆ ಮಾತ್ರ 3.2 ಎಂಎಂ ಶ್ಯಾಂಕಿನ ರೋಟರಿ ಟೂಲ್. ಅಕ್ಕಸಾಲಿಗರ ಅಂಗಡಿಯಲ್ಲಿ ಮೋಟಾರ್ ಮೇಲೆ ನೇತುಹಾಕಿ, ಉದ್ದನೆಯ ಬಳುಕುವ ಶಾಫ್ಟಿನ ತುದಿ ಹಿಡಿದು ಕೆಲಸ ಮಾಡುತ್ತಾರಲ್ಲ, ಅದೂ ಇದೇ ಜಾತಿ. ಕೈಗೆ ಭಾರ ಇಲ್ಲ. ದಿನಾ ಎರಡು ಮೂರು ತಾಸು ಕೂರುವವರಿಗೆ ನಾನು ಅದನ್ನೇ ಹೇಳುತ್ತೇನೆ.

ನಮ್ಮ ಕಡೆ ಇಂಥ ಎಲ್ಲ ಯಂತ್ರಕ್ಕೂ ಡ್ರೆಮೆಲ್ ಅಂದುಬಿಡುತ್ತಾರೆ, ನಕಲು ಪ್ರತಿಗೆಲ್ಲ ಜೆರಾಕ್ಸ್ ಅಂದ ಹಾಗೆ. ಅದು 1932ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರಸೀನ್ ಊರಿನಲ್ಲಿ ಆಲ್ಬರ್ಟ್ ಡ್ರೆಮೆಲ್ ಶುರು ಮಾಡಿದ ಕಂಪನಿ. 1993ರಿಂದ ಬಾಷ್ ಕೈಯಲ್ಲಿದೆ. ಬೇರೆ ಹೆಸರಿನವೂ ಬೇಕಾದಷ್ಟಿವೆ. ಹೆಸರಿಗಿಂತ ನಾನು ನೋಡುವುದು ಕಾಲೆಟ್.

ಕಾಲೆಟ್ ಅಂದರೆ ಬಿಟ್ಟಿನ ಕಾಲನ್ನು ಕಚ್ಚಿ ಹಿಡಿಯುವ ಸೀಳಿದ ಪುಟ್ಟ ಹಿತ್ತಾಳೆ ಅಥವಾ ಉಕ್ಕಿನ ತುಂಡು. ಯಂತ್ರದ ಜೀವ ಅದರಲ್ಲಿದೆ. ನಾನು ಊರಿಗೆ ಬಂದ ಹೊಸತರಲ್ಲಿ 1,400 ರೂಪಾಯಿಗೆ ಒಂದು ಸೆಟ್ ತರಿಸಿದ್ದೆ. ಡಬ್ಬಿ ತುಂಬ ನೂರಕ್ಕೂ ಜಾಸ್ತಿ ಬಿಟ್ಟುಗಳು. ಎರಡೇ ತಿಂಗಳಿಗೆ ಕಾಲೆಟ್ ಬಾಯಿ ಅಗಲವಾಗಿ, ಕೆಲಸದ ನಡುವೆ ಕಲ್ಲು ಮುಂದಕ್ಕೆ ಜಾರತೊಡಗಿತು. ಬದಲಿ ಕಾಲೆಟ್ ಎಲ್ಲೂ ಸಿಗಲಿಲ್ಲ. ಯಂತ್ರ ಮೂಲೆಗೆ ಹೋಯಿತು. ಆ ನೂರು ಬಿಟ್ಟಿನಲ್ಲಿ ಉಪಯೋಗಕ್ಕೆ ಬಂದದ್ದು ಹತ್ತೂ ಇರಲಿಲ್ಲ.

ಈಗ ಅಂಗಡಿಗೆ ಹೋದರೆ ಹೀಗೆ ನೋಡುತ್ತೇನೆ. 3.2, 2.4, 1.6 ಎಂಎಂ ಕಾಲೆಟ್‌ಗಳು ಬಿಡಿಯಾಗಿ ಸಿಗುತ್ತವೆಯಾ? ಮೋಟಾರಿಗೆ ಕರೆಂಟು ಮುಟ್ಟಿಸುವ ಕಪ್ಪು ತುಂಡು, ಅಂದರೆ ಕಾರ್ಬನ್ ಬ್ರಷ್ಷಿನ ಮುಚ್ಚಳ ಹೊರಗಿನಿಂದಲೇ ಸ್ಕ್ರೂಡ್ರೈವರಿನಲ್ಲಿ ಬಿಚ್ಚಲು ಬರುತ್ತದಾ? ವೇಗ 10,000ಕ್ಕೆ, ಸಾಧ್ಯವಾದರೆ 5,000ಕ್ಕೆ ಇಳಿಯುತ್ತದಾ? ಆಮೇಲೆ ನೆಟ್ಟಗಿನ ಒಂದು ಬಿಟ್ ಹಾಕಿಸಿ ಓಡಿಸಲು ಹೇಳುತ್ತೇನೆ. ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಗೆರೆಯಾಗಿ ಕಂಡರೆ ಸರಿ. ಎರಡೆರಡಾಗಿ, ಮಸುಕಾಗಿ ಕಂಡರೆ ಶಾಫ್ಟು ಅಥವಾ ಕಾಲೆಟ್ ಸೊಟ್ಟ. ವಾಪಸ್ ಕೊಡಿ. ಬೆಂಗಳೂರಿನಲ್ಲಿರುವವರು ಎಸ್‌.ಜೆ.ಪಿ. ರಸ್ತೆಗೆ ಹೋದರೆ ಹೀಗೆ ಕೈಯಲ್ಲಿ ಹಿಡಿದು ನೋಡಿಯೇ ತರಬಹುದು.

ಬ್ಯಾಟರಿಯದ್ದು ಬೇಕಾ ಅಂದರೆ, ತೋಟದ ನಡುವೆ ಕೆಲಸ ಇದ್ದರೆ ಮಾತ್ರ. ಮನೆಗೆ ವೈರಿನದ್ದೇ ಸಾಕು. ನಮ್ಮಲ್ಲಿ ಸಂಜೆ ಹೊತ್ತು ಕರೆಂಟು ಡಲ್ ಇರುತ್ತದೆ. ಆಗ ಯಂತ್ರದ ದನಿಯೇ ಇಳಿದು ಹೋಗುತ್ತದೆ. ಆ ಹೊತ್ತಲ್ಲಿ ಒತ್ತಿ ಕೆಲಸ ಮಾಡಿಸಬೇಡಿ, ಬೆಳಿಗ್ಗೆ ಮಾಡಿ. ವೇಗ ಇಳಿಸಲು ಫ್ಯಾನಿನ ರೆಗ್ಯುಲೇಟರಿಗೆ ಜೋಡಿಸುವವರನ್ನು ನೋಡಿದ್ದೇನೆ. ಒಳಗೆ ಆಗಲೇ ಎಲೆಕ್ಟ್ರಾನಿಕ್ ನಿಯಂತ್ರಣ ಇರುವ ಯಂತ್ರಕ್ಕೆ ಅದನ್ನು ಮಾಡಲೇಬಾರದು.

ಇನ್ನು ಕಲ್ಲು. ಕಬ್ಬಿಣ, ಉಕ್ಕಿಗೆ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು. ಸಾಮಾನ್ಯವಾಗಿ ಗುಲಾಬಿ, ಕಂದು ಅಥವಾ ಬಿಳಿ ಬಣ್ಣದಲ್ಲಿರುತ್ತದೆ. ಹಸಿರು ಬಣ್ಣದ್ದು ಸಿಲಿಕಾನ್ ಕಾರ್ಬೈಡ್. ಅದು ಗಾಜು, ಟೈಲ್ಸ್, ಕಲ್ಲಿಗೆ. ವಜ್ರದ ಪುಡಿ ಅಂಟಿಸಿದ ಬಿಟ್ ನೋಡಿ ಜನ ಮರುಳಾಗುತ್ತಾರೆ. ಆದರೆ ಉಕ್ಕಿಗೆ ಅದನ್ನು ಹಚ್ಚಿ ಬಿಸಿ ಮಾಡಿದರೆ ವಜ್ರದ ಇಂಗಾಲ ಕಬ್ಬಿಣಕ್ಕೇ ಸೇರಿಹೋಗುತ್ತದೆ, ಬಿಟ್ ಬೇಗ ಬೋಳಾಗುತ್ತದೆ. ಅಲ್ಯುಮಿನಿಯಂ ಪಾತ್ರೆ, ಪೈಪಿಗೆ ಕಲ್ಲು ಹಚ್ಚಬೇಡಿ. ಮೆತ್ತನೆ ಲೋಹ ಕಲ್ಲಿನ ರಂಧ್ರ ತುಂಬಿಕೊಂಡು ಅದು ಗಾಜಿನ ಹಾಗೆ ನುಣುಪಾಗುತ್ತದೆ. ಅದಕ್ಕೆ ಅಗಲ ಹಲ್ಲಿನ ಕಾರ್ಬೈಡ್ ಬರ್ (ಕೆತ್ತುವ ಗಟ್ಟಿ ಲೋಹದ ಬಿಟ್) ಹಾಕಿ, ಹಲ್ಲಿಗೆ ಸ್ವಲ್ಪ ಮೇಣ ಸವರಿಕೊಳ್ಳಿ.

ವೇಗದ ಲೆಕ್ಕ ಒಂದು ಸಲ ಹಾಕಿ ನೋಡಿ, ಆಮೇಲೆ ಮರೆಯುವುದಿಲ್ಲ. 25 ಎಂಎಂ ಅಡ್ಡಗಲದ ಕಲ್ಲು 30,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 39 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 140 ಕಿಲೋಮೀಟರ್. ಅದೇ ವೇಗದಲ್ಲಿ 50 ಎಂಎಂ ಚಕ್ರ ಹಾಕಿದರೆ ಅದರ ಎರಡರಷ್ಟು. ಅದಕ್ಕೇ ಪ್ಯಾಕೆಟ್ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಓದಬೇಕು. ದೊಡ್ಡ ಕಲ್ಲಿಗೆ ಕಡಿಮೆ ಸುತ್ತು, ಸಣ್ಣ ಕಲ್ಲಿಗೆ ಜಾಸ್ತಿ. ಈ ಪುಟ್ಟ ಯಂತ್ರದ ತಂತಿ ಬ್ರಷ್ಷು, ಪಾಲಿಶ್ ಮಾಡುವ ಫೆಲ್ಟನ್ನು 15,000 ದಾಟಿಸಬೇಡಿ. ದಾಟಿದರೆ ತಂತಿ ಕಿತ್ತು ಸೂಜಿಯಂತೆ ಹಾರುತ್ತದೆ.

ಈಗ ಮೆಟ್ಟುಗತ್ತಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದೆ. ಅತ್ತೆಯವರ ಕತ್ತಿ ಅದು, ಹಳೇ ಕಾಲದ ಒಳ್ಳೇ ಉಕ್ಕು. ಅವಸರದಲ್ಲಿ ಪೂರ್ತಿ ವೇಗದಲ್ಲಿ ಉಜ್ಜಿದೆ. ಅಲಗಿನ ಅಂಚಲ್ಲಿ ನವಿಲುಗರಿಯಂಥ ನೀಲಿ ಹಬ್ಬಿತು. ಆವತ್ತು ರಾತ್ರಿ ಅರ್ಧ ಬುಟ್ಟಿ ಅಡಿಕೆ ಸುಲಿಯುವಷ್ಟರಲ್ಲಿ ಮೊಂಡು. ಉಕ್ಕು 220 ಡಿಗ್ರಿ ಹತ್ತಿರ ಒಣಹುಲ್ಲಿನ ಹಳದಿಗೆ ತಿರುಗುತ್ತದೆ, 280ಕ್ಕೆ ನೇರಳೆ, 300ಕ್ಕೆ ನೀಲಿ. ನೀಲಿ ಬಂತು ಅಂದರೆ ಹದ ಇಳಿಯಿತು ಅಂತಲೇ. ಆಮೇಲೆ ಎಷ್ಟು ಮಸೆದರೂ ಆ ಜಾಗ ಮೆತ್ತಗೇ. ಕೊನೆಗೆ ನೀಲಿ ಇರುವಷ್ಟನ್ನೂ, ಸುಮಾರು 2 ಎಂಎಂ, ಕಲ್ಲಿನಲ್ಲಿ ನೀರು ಹಾಕಿ ಹಾಕಿ ಕೈಯಲ್ಲೇ ಸವೆಸಬೇಕಾಯಿತು. ಎರಡು ದಿನ ಹಿಡಿಯಿತು.

ಈಗ ಮಾಡುವುದು ಹೀಗೆ. ಮೊದಲು ಬೂದಿ ಹಾಕಿ ತಿಕ್ಕಿ ಚೊಗರು ತೆಗೆಯುತ್ತೇನೆ. ಅಡಿಕೆ ಚೊಗರು ಕಬ್ಬಿಣಕ್ಕೆ ಕಪ್ಪಾಗಿ ಅಂಟಿರುತ್ತದೆ, ಅದರ ಮೇಲೇ ಉಜ್ಜಿದರೆ ಕಲ್ಲು ಕಟ್ಟಿಕೊಳ್ಳುತ್ತದೆ. ಮಣೆಯನ್ನು ಬೆಂಚಿಗೆ ಕ್ಲ್ಯಾಂಪಿನಲ್ಲಿ ಬಿಗಿಯುತ್ತೇನೆ. ಅಲಗಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿಯುತ್ತೇನೆ. ಇದು ಟೂಲ್ ರೂಮಿನಲ್ಲಿ ಕಲಿತದ್ದು. ಒಂದು ಸಲ ಕಲ್ಲು ಆಡಿಸಿದರೆ ಎಲ್ಲಿ ಬಣ್ಣ ಹೋಯಿತು ಅಂತ ಕಾಣುತ್ತದೆ. ಅಂಚಿನ ಹತ್ತಿರ ಮಾತ್ರ ಹೋದರೆ ಕೈ ಎತ್ತರವಾಯಿತು, ಹಿಂದೆ ಮಾತ್ರ ಹೋದರೆ ತಗ್ಗಾಯಿತು. ಪೂರ್ತಿ ಅಗಲ ಹೋದರೆ ಹಳೇ ಕೋನ ಸಿಕ್ಕಿತು.

ವೇಗ 12,000-15,000. ಸಿಲಿಂಡರ್ ಆಕಾರದ ಗುಲಾಬಿ ಕಲ್ಲು. ಕಲ್ಲಿನ ತಿರುಗು ಬೆನ್ನಿನಿಂದ ಅಲಗಿನ ಕಡೆಗಿರಲಿ, ಕಿಡಿ ಅಂಚಿನಿಂದ ಆಚೆ ಹಾರಲಿ. ತಿರುಗು ಉಲ್ಟಾ ಇದ್ದರೆ ಕಲ್ಲು ಅಂಚಿಗೆ ಸಿಕ್ಕಿಕೊಂಡು ಎಗರುತ್ತದೆ. ಒಂದೇ ಕಡೆ ನಿಲ್ಲಿಸಬೇಡಿ, ಈ ತುದಿಯಿಂದ ಆ ತುದಿಗೆ ಸವರುತ್ತಾ ಹೋಗಿ. ಮೂರು ಸಲ ಸವರಿದ ಮೇಲೆ ಒದ್ದೆ ಬಟ್ಟೆ ಒತ್ತಿ ತಣಿಸಿ. ಯಂತ್ರ ನಿಲ್ಲಿಸಿ, ಅಲಗಿನ ಹಿಂದೆ ಬೆರಳು ಇಟ್ಟು ನೋಡಿ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಇನ್ನೂ ತಣಿಸಿ. ರೋಟರಿ ಟೂಲಿನ ಕೆಲಸ ಮುಕ್ಕು ತೆಗೆಯುವುದು, ಆಕಾರ ಕೂಡಿಸುವುದು, ಅಲ್ಲಿಗೆ ನಿಲ್ಲಿಸಿ. ಕೊನೆಯ ಹರಿತ ಯಾವತ್ತೂ ಮಸೆಗಲ್ಲಿನಲ್ಲೇ, ಕೈಯಲ್ಲೇ.

ಹೆರೆಮಣೆ ಇದಕ್ಕಿಂತ ಸುಲಭ, ಈ ಯಂತ್ರ ಹೇಳಿ ಮಾಡಿಸಿದ ಹಾಗಿದೆ. 3 ಎಂಎಂ ಸಣ್ಣ ಕಲ್ಲನ್ನು ಪ್ರತಿ ಹಲ್ಲಿನ ಸಂದಿಗೆ ಎರಡೇ ಸಲ ಮುಟ್ಟಿಸಿ. ಮೊದಲಿದ್ದ ಇಳಿಜಾರಿನ ಕಡೆಯಿಂದ ಮಾತ್ರ. ಎರಡೂ ಕಡೆ ಉಜ್ಜಿದರೆ ಹಲ್ಲು ತೆಳುವಾಗಿ ಕಾಯಿ ಹೆರೆಯುವಾಗ ಮುರಿಯುತ್ತದೆ. ಮುಗಿದ ಮೇಲೆ ಚೆನ್ನಾಗಿ ತೊಳೆಯಿರಿ, ಕಲ್ಲಿನ ಪುಡಿ ಕಾಯಿತುರಿಗೆ ಸೇರಬಾರದು.

ಚೈನ್ ಸಾ ಹಲ್ಲಿಗೆ ಕಲ್ಲಿನ ದಪ್ಪ ಸರಿಯಾಗಿರಬೇಕು. ಕೊಂಡಿಗಳ ಅಂತರಕ್ಕೆ ತಕ್ಕಂತೆ ಚೈನಿಗೆ ಇಂಚಿನ ಅಳತೆ ಇರುತ್ತದೆ: 3/8 ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ 4 ಎಂಎಂ, .325 ಚೈನಿಗೆ 4.8 ಎಂಎಂ ಕಲ್ಲು. ಹಲ್ಲಿನ ತಲೆ ಮೇಲೆ ಕೋನದ ಗೆರೆ ಇರುತ್ತದೆ, ಹೆಚ್ಚಿನವಕ್ಕೆ 30 ಡಿಗ್ರಿ. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ. ಕಲ್ಲು ಸವೆದು ಸಣ್ಣದಾದರೆ ಬದಲಿಸಿ.

ಜೋಪಾನದ ಮಾತು ಹೇಳಿಬಿಡುತ್ತೇನೆ. ಕಾಗದದಷ್ಟು ತೆಳುವಾದ ಕಟಿಂಗ್ ಚಕ್ರವನ್ನು ಒಮ್ಮೆ ಸ್ವಲ್ಪ ಪಕ್ಕಕ್ಕೆ ಓರೆ ಮಾಡಿದೆ. ಚೂರು ಬಂದು ಕನ್ನಡಕಕ್ಕೆ ಟಕ್ ಅಂತ ಬಡಿಯಿತು. ಆ ಗೀರು ಬಿದ್ದ ಕನ್ನಡಕ ಇವತ್ತಿಗೂ ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ, ಮಕ್ಕಳು ಕನ್ನಡಕ ಇಲ್ಲದೆ ಬಂದರೆ ತೋರಿಸುತ್ತೇನೆ. ದುಪಟ್ಟಾ, ಸೆರಗು, ಜಡೆ ಎಲ್ಲ ಕಟ್ಟಿಕೊಳ್ಳಿ. ಬಟ್ಟೆಯ ಗ್ಲೌಸ್ ಬೇಡ, ಎಳೆ ಸುತ್ತಿಕೊಳ್ಳುತ್ತದೆ. ಮೂಗಿಗೆ ಎನ್95 ಮಾಸ್ಕ್. ಹೊಸ ಕಲ್ಲನ್ನು ಮುಖದಿಂದ ದೂರ ಹಿಡಿದು ಒಂದು ನಿಮಿಷ ಖಾಲಿ ಓಡಿಸಿ. ಒಣಗಿದ ಅಡಿಕೆ ಸಿಪ್ಪೆ, ಹುಲ್ಲು, ಕಳೆ ಯಂತ್ರದ ಪೆಟ್ರೋಲ್ ಕ್ಯಾನ್, ಇವು ಕಿಡಿ ಹಾರುವ ಕಡೆ ಇರಲೇಬಾರದು.

ಯಂತ್ರದ ಆರೈಕೆ ಜಾಸ್ತಿ ಏನಿಲ್ಲ, ಆದರೆ ತಪ್ಪಿಸಬಾರದು. ಕೆಲಸ ಮುಗಿದ ತಕ್ಷಣ ಆಫ್ ಮಾಡಬೇಡಿ. ಅರ್ಧ-ಒಂದು ನಿಮಿಷ ಖಾಲಿ ಓಡಿಸಿ, ಒಳಗಿನ ಫ್ಯಾನು ಮೋಟಾರನ್ನು ತಣಿಸಲಿ. ಗಾಳಿ ಕಿಂಡಿಯ ಧೂಳನ್ನು ಒಣ ಬ್ರಷ್ಷಿನಲ್ಲಿ ಒರೆಸಿ. ಉಜ್ಜಿದ ಪುಡಿ ಬಿದ್ದಿರುವ ಬೆಂಚಿನ ಮೇಲೇ ಯಂತ್ರ ಮಲಗಿಸಿದರೆ ಕಬ್ಬಿಣದ ಪುಡಿ ಒಳಗೆ ಹೋಗುತ್ತದೆ. ನಾನು ಕೊಕ್ಕೆಗೆ ನೇತುಹಾಕುತ್ತೇನೆ. ಶಾಫ್ಟ್ ಲಾಕಿನ ಗುಂಡಿಯನ್ನು ತಿರುಗುವಾಗ ಒತ್ತಲೇಬೇಡಿ. ಬಿಟ್ ಇಲ್ಲದ ಖಾಲಿ ಕಾಲೆಟ್ಟನ್ನು ಬಿಗಿಯಬೇಡಿ, ಅದರ ಸೀಳು ಹಿಸುಕಿ ಹಾಳಾಗುತ್ತದೆ. ತಿಂಗಳಿಗೊಮ್ಮೆ ಕಾಲೆಟ್ ತೆಗೆದು ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ. ಬಿಟ್ಟಿನ ಕಾಲು ಆದಷ್ಟೂ ಒಳಗಿರಲಿ. ಉದ್ದ ಹೊರಗೆ ಬಿಟ್ಟರೆ ಪೂರ್ತಿ ವೇಗದಲ್ಲಿ ಬಾಗಿ ಚಾಟಿಯಂತೆ ಬೀಸುತ್ತದೆ.

ಕಾರ್ಬನ್ ಬ್ರಷ್ಷನ್ನು 40-50 ತಾಸು ಕೆಲಸಕ್ಕೊಮ್ಮೆ ನೋಡಬೇಕು. ಪ್ಲಗ್ ಕಿತ್ತು, ಎರಡೂ ಬದಿಯ ಮುಚ್ಚಳ ಬಿಚ್ಚಿ. ಸ್ಪ್ರಿಂಗು ಹಾರೀತು, ಬೆರಳು ಅಡ್ಡ ಇಡಿ. ಕಪ್ಪು ತುಂಡು 3 ಎಂಎಂಗಿಂತ ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಚೆನ್ನಾಗಿದ್ದರೆ ಯಾವುದು ಯಾವ ಕಡೆ, ಹೇಗೆ ತಿರುಗಿತ್ತೋ ಹಾಗೇ ವಾಪಸ್ ಹಾಕಿ. ಅದರ ಬಾಗಿದ ಮುಖ ಒಳಗೆ ತಿರುಗುವ ಭಾಗದ ದುಂಡಿಗೆ ಸರಿಯಾಗಿ ಸವೆದಿರುತ್ತದೆ. ಹೊಸದು ಹಾಕಿದರೆ ಐದು ನಿಮಿಷ ಅರ್ಧ ವೇಗದಲ್ಲಿ ಖಾಲಿ ಓಡಿಸಿ. ಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಸಹಜ. ಕಿತ್ತಳೆ ಬಣ್ಣದ ದೊಡ್ಡ ಕಿಡಿ, ಸುಟ್ಟ ವಾಸನೆ ಬಂದರೆ ನಿಲ್ಲಿಸಿ.

ಮಳೆಗಾಲ ನಮ್ಮ ಕಡೆ ಇದಕ್ಕೆಲ್ಲ ಶತ್ರು. ಜೂನ್ ಬರುವ ಮೊದಲು ಕಾಲೆಟ್‌ಗಳಿಗೆ ತೆಳ್ಳಗೆ ಎಣ್ಣೆ ಸವರಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಜೊತೆಗೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿಗಳು. ರಾಳದಲ್ಲಿ ಕಟ್ಟಿದ ಕಟಿಂಗ್ ಚಕ್ರಕ್ಕೂ ತೇವ ಆಗದು, ಬಲ ಕಳೆದುಕೊಳ್ಳುತ್ತದೆ. ಆ್ಯಂಗಲ್ ಗ್ರೈಂಡರಿನ ಚಕ್ರದ ಮಧ್ಯದ ತೂತಿನ ಲೋಹದ ಉಂಗುರದ ಮೇಲೆ ಬಳಸಬೇಕಾದ ಕೊನೆಯ ತಿಂಗಳು, ವರ್ಷ ಒತ್ತಿರುತ್ತಾರೆ, ನೋಡಿ. ಯಂತ್ರ ಕೊಂಡ ದಿನವೇ ಎರಡು ಜೊತೆ ಕಾರ್ಬನ್ನು, ಒಂದು 3.2 ಕಾಲೆಟ್ ಜಾಸ್ತಿ ತಂದು, ಕವರಿನ ಮೇಲೆ ಮಾಡೆಲ್ ನಂಬರ್ ಬರೆದು ಅದೇ ಡಬ್ಬಿಯಲ್ಲಿಡಿ. ಮೂರು ವರ್ಷ ಬಿಟ್ಟು ಹುಡುಕುವಾಗ ಯಂತ್ರದ ಮೇಲಿನ ಸ್ಟಿಕ್ಕರ್ ಅಳಿಸಿಹೋಗಿರುತ್ತದೆ.