ಎಕ್ಸ್‌ಟಿ ಕಂಪ್ಯೂಟರಿಗೆ ಬೂಟ್ ಫ್ಲಾಪಿ ತಯಾರಿಸಿದ ನನ್ನ ಅನುಭವ

ನನ್ನಲ್ಲಿರುವ ಪಿಸಿ-ಎಕ್ಸ್‌ಟಿ ಮಾದರಿಯ ಹಳೆಯ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಇರುವುದು ಐದೂಕಾಲು ಇಂಚಿನ, 360 ಕೆಬಿಯ ಒಂದೇ ಫ್ಲಾಪಿ ಡ್ರೈವ್. ಅದನ್ನು ಚಾಲೂ ಮಾಡಲು ಬೇಕಾದ ಬೂಟ್ ಫ್ಲಾಪಿಯನ್ನು, ಎಂಎಸ್-ಡಾಸ್ 3.3 ಎಂಬ ಕಾರ್ಯಾಚರಣ ವ್ಯವಸ್ಥೆ ಇರುವ ನನ್ನ 286 (ನಂತರದ ತಲೆಮಾರಿನ) ಯಂತ್ರದ 1.2 ಎಂಬಿ ಡ್ರೈವಿನಲ್ಲಿ ತಯಾರಿಸಲು ತೊಡಗಿದೆ.

ಫೈಲುಗಳನ್ನು ಬರಿದೇ ನಕಲು ಮಾಡಿದರೆ ಫ್ಲಾಪಿ ಬೂಟ್ ಆಗುವುದಿಲ್ಲ. ಯಂತ್ರ ಚಾಲೂ ಆದೊಡನೆ ಓಡುವ ಅಂತರ್ಗತ ಪ್ರೋಗ್ರಾಂ ಬಯಾಸ್ ಮೊದಲು ಓದುವುದು ಫ್ಲಾಪಿಯ ಮೊದಲ ಸೆಕ್ಟರಿನ (ತುಂಡಿನ) 512 ಬೈಟುಗಳನ್ನು. ಅಲ್ಲಿರುವ ಪುಟ್ಟ ಪ್ರೋಗ್ರಾಂ, ಡಾಸ್‌ನ ಎರಡು ಸಿಸ್ಟಂ ಫೈಲುಗಳು ಡೈರೆಕ್ಟರಿಯ (ಫೈಲುಗಳ ಪಟ್ಟಿಯ) ಆರಂಭದಲ್ಲೇ ಇವೆಯೇ ಎಂದು ನೋಡುತ್ತದೆ. ಇದನ್ನೆಲ್ಲ ಒಟ್ಟಿಗೆ ಅಣಿಗೊಳಿಸುವ 'ಫಾರ್ಮ್ಯಾಟ್ ಎ: /ಎಸ್ /4' ಎಂಬ ಆದೇಶ ಕೊಟ್ಟೆ ('/4' ಎಂದರೆ 360 ಕೆಬಿಯ ಬಗೆಯಲ್ಲಿ). ಫ್ಲಾಪಿ 286ರಲ್ಲಿ ಸರಾಗವಾಗಿ ಬೂಟ್ ಆಯಿತು, ಎಕ್ಸ್‌ಟಿಯಲ್ಲಿ ಮಾತ್ರ ಡ್ರೈವ್ ಮತ್ತೆ ಮತ್ತೆ ತಿಣುಕಿ ದೋಷ ತೋರಿಸಿತು.

ಎರಡು ದಿನ ಎಕ್ಸ್‌ಟಿಯ ಡ್ರೈವನ್ನೇ ಶಂಕಿಸಿ ಅದರ ಹೆಡ್ (ಓದಿ ಬರೆಯುವ ಭಾಗ) ಒರೆಸುತ್ತ ಕುಳಿತಿದ್ದೆ. ದೋಷವಿದ್ದದ್ದು ಬರೆದ ಬಗೆಯಲ್ಲಿ. 360 ಕೆಬಿ ಡ್ರೈವ್ ಪ್ರತಿ ಬದಿಗೆ 40 ಟ್ರ್ಯಾಕುಗಳನ್ನು (ಬರಹದ ವೃತ್ತಗಳನ್ನು) ಅಗಲವಾಗಿ ಬರೆದರೆ, 1.2 ಎಂಬಿ ಡ್ರೈವ್ ಅಷ್ಟೇ ಜಾಗದಲ್ಲಿ 80 ಟ್ರ್ಯಾಕುಗಳನ್ನು ಬರೆಯಬೇಕಾದ್ದರಿಂದ ಅದರ ಹೆಡ್ ಹೆಚ್ಚುಕಡಿಮೆ ಅರ್ಧದಷ್ಟೇ ಅಗಲವಿರುತ್ತದೆ. ನಾನು ಬಳಸಿದ್ದು ಹಿಂದೆ ಅಗಲದ ಹೆಡ್ಡಿನಿಂದ ಬರೆದಿದ್ದ ಫ್ಲಾಪಿ. ಹೊಸ ಬರಹ ಟ್ರ್ಯಾಕಿನ ಒಂದು ಭಾಗವನ್ನಷ್ಟೇ ಆವರಿಸಿ ಹಳೆಯ ಕಾಂತೀಯ ಗುರುತು ಅಂಚಿನಲ್ಲಿ ಹಾಗೆಯೇ ಉಳಿದಿತ್ತು, ಎಕ್ಸ್‌ಟಿಯ ಹೆಡ್ ಎರಡನ್ನೂ ಬೆರೆಸಿ ಓದುತ್ತಿತ್ತು.

ಹಾಗಾಗಿ ಎಂದೂ ಬರೆಯದ, ಫಾರ್ಮ್ಯಾಟ್ ಕೂಡ ಆಗದ ಡಬಲ್ ಡೆನ್ಸಿಟಿ (360 ಕೆಬಿಯ) ಫ್ಲಾಪಿಯೊಂದನ್ನು ಹುಡುಕಿದೆ. 1.2 ಎಂಬಿಯ ಹೈ ಡೆನ್ಸಿಟಿ ಫ್ಲಾಪಿ ಇದಕ್ಕೆ ಒದಗುವುದಿಲ್ಲ. ಅದರ ಕೋಯರ್ಸಿವಿಟಿ, ಅಂದರೆ ಕಾಂತೀಯ ಗುರುತನ್ನು ಬದಲಿಸಲು ಬೇಕಾದ ಕಾಂತಬಲ, ಸುಮಾರು 600 ಅರ್ಸ್ಟೆಡ್ (ಅದನ್ನು ಅಳೆಯುವ ಮಾನ), ಡಬಲ್ ಡೆನ್ಸಿಟಿಯದು 300. ನಡುವಿನ ರಂಧ್ರದ ಸುತ್ತ ಗಟ್ಟಿ ಉಂಗುರವಿದ್ದರೆ ಅದು ಬಹುಮಟ್ಟಿಗೆ ಡಬಲ್ ಡೆನ್ಸಿಟಿಯೇ. ಅದೇ ಆದೇಶದಿಂದ ಅದನ್ನು ಫಾರ್ಮ್ಯಾಟ್ ಮಾಡಿ, ಇಡೀ ಫ್ಲಾಪಿಯನ್ನು ನಕಲು ಮಾಡುವ 'ಡಿಸ್ಕ್‌ಕಾಪಿ' ಪ್ರೋಗ್ರಾಮನ್ನೂ ಅದರಲ್ಲಿ ಸೇರಿಸಿದೆ. ಎಕ್ಸ್‌ಟಿ ಮೊದಲ ಯತ್ನದಲ್ಲೇ ಬೂಟ್ ಆಯಿತು.

ಆದರೂ ಕಿರಿದಾದ ಟ್ರ್ಯಾಕಿನ ಈ ಫ್ಲಾಪಿಯನ್ನೇ ನಂಬಿ ಕೂರುವುದು ನನಗೆ ಸರಿಕಾಣಲಿಲ್ಲ. ಎಕ್ಸ್‌ಟಿಯಲ್ಲೇ ಡಿಸ್ಕ್‌ಕಾಪಿ ನಡೆಸಿ, ಅದು ಕೇಳಿದಾಗ ಫ್ಲಾಪಿ ಬದಲಿಸುತ್ತ, ಅಗಲದ ಹೆಡ್ಡಿನಿಂದಲೇ ಇನ್ನೊಂದು ಪ್ರತಿ ಬರೆಸಿದೆ. ಈಗ ದಿನಬಳಕೆಗೆ ಆ ಪ್ರತಿಯೇ. ಅದರ ಅಂಚಿನಲ್ಲಿರುವ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚಿದ್ದೇನೆ, ಇನ್ನು ಅದರ ಮೇಲೆ ಯಾವ ಡ್ರೈವೂ ಅಕಸ್ಮಾತ್ತಾಗಿ ಬರೆಯಲಾರದು.